ಹಗ್ಗದಿಂದ ಹಾಲು ಕರೆದವಳು

ಸೆಪ್ಟೆಂಬರ್ 4, ಸೋಮವಾರ

ಡೈರಿಯ ಅಧ್ಯಕ್ಷರು ಈ ಪುಸ್ತಕ ಕೊಟ್ಟಿದ್ದು ಹಾಲು ಎಷ್ಟು ಬಿಸಿಯಿತ್ತು, ಹೆಪ್ಪು ಎಷ್ಟು ಹಾಕಿದೆ, ಮೊಸರಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ದಿನಾ ಬರೆದಿಡಲು. ಜೊತೆಗೆ ಒಂದು ಥರ್ಮಾಮೀಟರನ್ನೂ ಕೈಗಿಟ್ಟರು. ಹನ್ನೊಂದು ವರ್ಷದಿಂದ ಕಿರುಬೆರಳು ಅದ್ದಿ ನೋಡಿಯೇ ಹೆಪ್ಪು ಹಾಕುತ್ತಿದ್ದೇನೆ. ಈ ಗಾಜಿನ ಕಡ್ಡಿ ನನಗಿಂತ ಬುದ್ಧಿವಂತೆಯಂತೆ! ಇರಲಿ. ಪುಸ್ತಕದ ಮುಂದಿನ ಹಾಳೆಗಳು ಅಧ್ಯಕ್ಷರಿಗೆ, ಹಿಂದಿನವು ನನಗೆ.

ನಿನ್ನೆಯೂ ಇವತ್ತೂ ಮೊಸರು ಹೆಪ್ಪುಗಟ್ಟಲಿಲ್ಲ. ಒಂಬತ್ತು ಮನೆಯ ಹಾಲು ಒಂದೇ ಹಂಡೆಗೆ ಬೀಳುತ್ತದೆ, ಬೆಳಿಗ್ಗೆ ಕಾಯಿಸಿ ಆರಿಸಿ ಹೆಪ್ಪು ಹಾಕಿ ಕಂಬಳಿ ಹೊದಿಸಿದರೆ ಸಂಜೆಗೆ ಚಮಚ ನಿಲ್ಲುವಷ್ಟು ಗಟ್ಟಿ. ಈಗ ಎರಡು ದಿನದಿಂದ ಸಂಜೆ ಮುಚ್ಚಳ ತೆಗೆದರೆ ಬೆಳಗಿನ ಹಾಲೇ ನನ್ನನ್ನು ನೋಡುತ್ತಿದೆ. ಪೇಟೆಯ ವ್ಯಾನಿನವನು ಖಾಲಿ ಕೈಯಲ್ಲಿ ಇಳಿದುಹೋದ.

ಇದರ ಮಧ್ಯೆ ನಮ್ಮ ಕೆಂದಿಗೆ ಕೆಚ್ಚಲು ಬಾವು. ಹಿಂದಿನ ಎಡ ತೊಟ್ಟು ಕಲ್ಲಿನಂತಾಗಿದೆ. ಶನಿವಾರ ಪಶುವೈದ್ಯರು ಬಂದು ತೊಟ್ಟಿನೊಳಗೆ ಟ್ಯೂಬ್ ಔಷಧಿ ಹಾಕಿದರು, ಮೂರು ದಿನ ದಿನಕ್ಕೊಂದು. ಮುಗಿದ ಮೇಲೂ ನಾಲ್ಕು ದಿನ ಹಸುವಿನ ಹಾಲು ಡೈರಿಗೆ ಬೇಡ ಎಂದರು. ಅವರಿಗೇನು, ಹೇಳಿ ಬೈಕು ಹತ್ತಿ ಹೋದರು. ಮೊಸರು ಮಾಡುವವಳ ಹಸುವಿಗೇ ಕಾಯಿಲೆ ಎಂದು ಗೊತ್ತಾದರೆ ಊರವರು ನನ್ನ ಕೈಯ ಮೊಸರು ಮುಟ್ಟುತ್ತಾರೆಯೇ? ಕೆಟ್ಟಿರುವುದು ಒಂದು ತೊಟ್ಟು. ಅದರ ಹಾಲನ್ನು ಗೊಬ್ಬರದ ಗುಂಡಿಗೆ ಚೆಲ್ಲುತ್ತೇನೆ, ಉಳಿದ ಮೂರರದನ್ನು ಮಾತ್ರ ಹಂಡೆಗೆ ಹಾಕುತ್ತೇನೆ. ಒಂದು ಬೆರಳು ಕೊಯ್ದುಕೊಂಡರೆ ಇಡೀ ಕೈಗೆ ಪಟ್ಟಿ ಕಟ್ಟುತ್ತೇವೆಯೇ?

ಕೆಚ್ಚಲಿಗೆ ಶಾಖ ಕೊಡಲು ಅತ್ತೆಯನ್ನು ಕರೆಸಿಕೊಂಡಿದ್ದೇನೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು. ಮೇಲೆ ಕಣಿವೆಯ ದಾರಿ ತಿರುಗುವಲ್ಲಿ ಒಂಟಿ ಮನೆ, ಮೇಕೆಯ ಕೂದಲಿನಲ್ಲಿ ಹಗ್ಗ ಹೊಸೆಯುವುದು ಕೆಲಸ. ಈ ಊರಿನ ಪ್ರತಿ ಹಸುವಿನ ಕುತ್ತಿಗೆಯಲ್ಲೂ ಅವಳು ಹೊಸೆದ ಹಗ್ಗವೇ ಇದೆ. ಡೈರಿಯ ಹೆಪ್ಪೂ ಅವಳ ಮಡಕೆಯದೇ, ಅವಳ ಅಜ್ಜಿಯ ಕಾಲದಿಂದ ಒಂದು ದಿನವೂ ತಪ್ಪದೆ ಹಾಲಿನಿಂದ ಹಾಲಿಗೆ ಬಂದಿದ್ದು. ಅವಳು ಬಂದರೆ ಮನೆ ತುಂಬಿದಂತಿರುತ್ತದೆ.

ಸೆಪ್ಟೆಂಬರ್ 6, ಬುಧವಾರ

ಇವತ್ತೂ ಹಾಲೇ.

ಡೈರಿಯ ಜಗಲಿಯಲ್ಲಿ ಕ್ಯಾನು ಹಿಡಿದು ನಿಂತವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಕೈಗುಣ ಅಂತ ಒಂದಿರತ್ತೆ ನೋಡಿ, ಇದ್ದಕ್ಕಿದ್ದ ಹಾಗೆ ಹೋಗಿಬಿಡತ್ತೆ," ಎಂದು ಅಧ್ಯಕ್ಷರ ಹೆಂಡತಿ ಯಾರಿಗೋ ಹೇಳುವವಳಂತೆ ನನಗೇ ಹೇಳಿದಳು. ಮೈಯೆಲ್ಲ ಉರಿದುಹೋಯಿತು. ಹೋದರೆ ಅವಳ ಕೈಗುಣ ಹೋಗಲಿ, ಹೋಗಲು ಅಲ್ಲಿ ಇದ್ದರೆ ತಾನೇ.

ಆಮೇಲೆ ಕಮ್ಮಾರ ಕಥೆ ಶುರುಮಾಡಿದ. ಅವನ ಕುಲುಮೆಗಿಂತ ಬಾಯಿಗೇ ಗಾಳಿ ಜಾಸ್ತಿ. ಹಿಂದೆ ಕಣಿವೆಯ ಮೇಲೆ ಒಬ್ಬಳಿದ್ದಳಂತೆ. ಗೋಡೆಯ ಗೂಟಕ್ಕೆ ಹಗ್ಗ ನೇತುಹಾಕಿ, ಕೆಳಗೆ ಬಕೆಟ್ಟು ಇಟ್ಟು, ಹಗ್ಗವನ್ನೇ ಹಾಲು ಕರೆದಂತೆ ಎಳೆಯುತ್ತಿದ್ದಳಂತೆ. ಯಾವ ಹಸುವನ್ನು ನೆನೆಸಿಕೊಂಡು ಎಳೆದರೆ ಆ ಹಸುವಿನ ಹಾಲು ಬಕೆಟ್ಟಿಗೆ. ಊರಿನಲ್ಲಿ ಉಳಿಯುತ್ತಿದ್ದುದು ಬರೀ ಬಿಳಿ ನೀರು, ಅದಕ್ಕೆ ಯಾವ ಹೆಪ್ಪೂ ಹಿಡಿಯುತ್ತಿರಲಿಲ್ಲ. ಕೊನೆಗೆ ಒಬ್ಬ ಧೈರ್ಯ ಮಾಡಿ ಹಗ್ಗ ಕತ್ತರಿಸಿದಾಗ ಅದರಿಂದ ರಕ್ತ ಸುರಿಯಿತಂತೆ.

ಮನೆಗೆ ಬಂದು ಅತ್ತೆಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಕಥೆಯನ್ನು ನಾನು ಮೊದಲು ಕೇಳಿದ್ದೇ ಅವಳ ಬಾಯಲ್ಲಿ, ಆರು ವರ್ಷದವಳಿದ್ದಾಗ. "ನಂಗೆ ಆ ವಿದ್ಯೆ ಬಂದಿದ್ರೆ ಈ ವಯಸ್ಸಲ್ಲಿ ಯಾಕೆ ಹಗ್ಗ ಹೊಸೀತಿದ್ದೆ ಗುಬ್ಬಿ? ಬರೀ ಕೆನೆ ತಿಂದ್ಕೊಂಡು ಬಿದ್ದಿರ್ತಿದ್ದೆ," ಎಂದಳು.

ಸೆಪ್ಟೆಂಬರ್ 9, ಶನಿವಾರ

ಗಟ್ಟಿ ಮೊಸರು! ಹಂಡೆ ಅಲ್ಲಾಡಿಸಿದರೂ ಕದಲಲಿಲ್ಲ. ಕೆಂದಿಯ ಬಾವೂ ಇಳಿದಿದೆ. ಅತ್ತೆ ನಿನ್ನೆಯೇ ಮೇಲೆ ಹೋದಳು, ನೋಡಲು ಇರಲಿಲ್ಲ. ಥರ್ಮಾಮೀಟರಿನಿಂದಲೇ ಸರಿಹೋಯಿತು ಎಂದು ಅಧ್ಯಕ್ಷರು ಬೀಗುತ್ತಿದ್ದಾರೆ. ಅದನ್ನು ನಾನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ.

ಸೆಪ್ಟೆಂಬರ್ 21, ಗುರುವಾರ

ಕೆಂದಿಗೆ ಮತ್ತೆ ಬಾವು, ಅದೇ ತೊಟ್ಟು. ಪಶುವೈದ್ಯರು ಮೂರು ಟ್ಯೂಬುಗಳನ್ನು ಕೈಗೇ ಕೊಟ್ಟು, ಹೇಗೆ ಹಾಕುವುದೆಂದು ತೋರಿಸಿದರು. ಹಾಲಿನ ಬಗ್ಗೆ ಅದೇ ಹಳೇ ಮಾತು. ಆಗಲಿ ಸ್ವಾಮಿ ಎಂದೆ. ಬೆಳಿಗ್ಗೆ ಒಂದು ಹಾಕಿ, ಅತ್ತೆಗೆ ಹೇಳಿಕಳಿಸಿದೆ. ಮಧ್ಯಾಹ್ನಕ್ಕೆಲ್ಲ ಬಂದಳು.

ಸಂಜೆ ಕೆಚ್ಚಲಿಗೆ ಶಾಖ ಕೊಡುತ್ತಾ ಕೂತವಳು ಅಂಗೈಗೆ ನಾಲ್ಕು ಹನಿ ಕರೆದುಕೊಂಡು ಮೂಸಿ ನೋಡಿದಳು. "ಈ ಹಸೂ ಹಾಲನ್ನ ಹಂಡೆಗೆ ಹಾಕ್ಬೇಡ ಗುಬ್ಬಿ."

"ಕೆಟ್ಟ ತೊಟ್ಟಿಂದು ಹಾಕಲ್ಲ ಬಿಡು."

"ಯಾವ್ದೂ ಬೇಡ. ನಾಲ್ಕರದ್ದೂ ಚೆಲ್ಲು. ಏನೋ ಬೇರೆ ವಾಸನೆ ಬರ್ತಿದೆ."

ನಾನೂ ಮೂಸಿದೆ. ಹಾಲಿನ ವಾಸನೆಯೇ ಇತ್ತು. ವಯಸ್ಸಾದವರ ಮೂಗು. ಆದರೆ ಅದನ್ನು ಹೇಳುವಾಗ ಕೆಂದಿಯನ್ನು ನೋಡಿದ ರೀತಿ ಯಾಕೋ ಹಿಡಿಸಲಿಲ್ಲ.

ಸೆಪ್ಟೆಂಬರ್ 22, ಶುಕ್ರವಾರ

ಮೊಸರಾಗಲಿಲ್ಲ.

ಸೆಪ್ಟೆಂಬರ್ 24, ಭಾನುವಾರ

ಮೂರನೇ ದಿನವೂ ಇಲ್ಲ. ಅಧ್ಯಕ್ಷರು ಒಂಬತ್ತು ಮನೆಯವರನ್ನೂ ಕೂರಿಸಿ ಏನು ಮಾಡುವುದೆಂದು ಕೇಳಿದರು. ಹಂಡೆಯನ್ನು ಬೇರೆಯವರ ಕೈಗೆ ಕೊಟ್ಟು ನೋಡೋಣ ಎಂದಳು ಅವರ ಹೆಂಡತಿ. ಈ ಹಂಡೆ ಬಿಟ್ಟರೆ ಊರಿನಲ್ಲಿ ನಾನು ಯಾರು?

ಆಗ ಕಮ್ಮಾರ ಗಂಟಲು ಸರಿಮಾಡಿಕೊಂಡ. "ಹೋದ ಸಲ ಕೆಟ್ಟಾಗ ನಿಮ್ಮನೇಲಿ ಯಾರಿದ್ರಮ್ಮ?"

"ನಮ್ಮತ್ತೆ."

"ಈ ಸಲ?"

ಎಲ್ಲರೂ ನನ್ನ ಕೈ ನೋಡುವುದನ್ನು ಬಿಟ್ಟು ಬಾಗಿಲಿನಾಚೆ ನಮ್ಮ ಮನೆಯ ಕಡೆ ತಿರುಗಿದರು. ಕಮ್ಮಾರನ ಮಾತು ತಲೆಬುಡವಿಲ್ಲದ್ದು ಎಂದು ನನಗೆ ಗೊತ್ತಿದೆ. ಆದರೂ ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು, ಎದೆ ಮೇಲಿನ ಕಲ್ಲು ಇಳಿದಂತಾಯಿತು.

ಮನೆಗೆ ಬಂದು ಈ ಪುಸ್ತಕ ತಿರುವಿದೆ. ಅವಳು ಇದ್ದ ದಿನಗಳು, ಮೊಸರಾಗದ ದಿನಗಳು. ಒಂದೊಂದೂ ಸರಿಯಾಗಿ ಕೂರುತ್ತದೆ. ಕಾಕತಾಳೀಯ ಇರಬಹುದು. ಬರೆದಿಟ್ಟಿರುತ್ತೇನೆ ಅಷ್ಟೇ.

ಸೆಪ್ಟೆಂಬರ್ 28, ಗುರುವಾರ

ನಿನ್ನೆ ಅತ್ತೆ ಹೋದಳು. ಇವತ್ತು ಮೊಸರಾಯಿತು.

ಅಕ್ಟೋಬರ್ 3, ಮಂಗಳವಾರ

ಹಗ್ಗ ಬೇಕೆಂಬ ನೆಪ ಮಾಡಿಕೊಂಡು ಮೇಲೆ ಹೋದೆ. ದಾರಿಯ ತಿರುವಿನಲ್ಲೇ ನಿಂತು ಕಿಟಕಿಯಿಂದ ನೋಡಿದೆ, ಕೂಗಲಿಲ್ಲ. ಯಾಕೆ ಕೂಗಲಿಲ್ಲವೋ. ಗೂಟಕ್ಕೆ ಹಗ್ಗ ನೇತುಹಾಕಿದ್ದಳು. ಕೆಳಗೆ ಬಕೆಟ್ಟು. ಎರಡು ಕೈಯಿಂದ ಒಂದಾದ ಮೇಲೊಂದರಂತೆ, ಹೆಬ್ಬೆರಳು ಮಡಿಚಿ, ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು.

ಹೊಸೆದ ಹಗ್ಗಕ್ಕೆ ಒದ್ದೆ ಕೈಯಿಂದ ನುಣುಪು ಕೊಡಬೇಕಾದರೆ ಹಾಗೇ ಎಳೆಯಬೇಕು. ಚಿಕ್ಕವಳಿದ್ದಾಗ ಬಕೆಟ್ಟಿಗೆ ನೀರು ತುಂಬಿಸಿಕೊಟ್ಟವಳೇ ನಾನು. ಎಳೆಯುವಾಗ ಅವಳು ಎಣಿಸುತ್ತಾಳೆ ಎಂದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಆ ಬಕೆಟ್ಟಿನಲ್ಲಿ ಏನಿದೆ ಎಂದು ನೋಡಬೇಕೆನ್ನಿಸಿತು. ಕಿಟಕಿಯಿಂದ ಕಾಣಲಿಲ್ಲ. ಒಳಗೆ ಹೋಗುವಷ್ಟರಲ್ಲಿ ಹಿತ್ತಲಿಗೆ ಚೆಲ್ಲಿಬಿಟ್ಟಿದ್ದಳು. ಅಷ್ಟು ಅವಸರ ಯಾಕೆ?

"ಯಾಕೆ ಹಾಗೆ ನೋಡ್ತಿದ್ದೀಯ, ಬಾಯಾರಿದೆಯಾ?" ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಳು. ಅವಳಿಗಿರುವುದು ಎರಡು ಮೇಕೆ. ಅಷ್ಟು ದಪ್ಪ ಮಜ್ಜಿಗೆ ಎಲ್ಲಿಂದ ಬಂತು? ಕುಡಿದಂತೆ ಮಾಡಿ, ಅವಳು ಆಚೆ ತಿರುಗಿದಾಗ ಗಿಡದ ಬುಡಕ್ಕೆ ಚೆಲ್ಲಿದೆ.

ಅಕ್ಟೋಬರ್ 10, ಮಂಗಳವಾರ

ಕೆಂದಿಗೆ ಮೂರನೇ ಸಲ ಬಾವು. ಪಶುವೈದ್ಯರು ಬಂದು ಕೊಟ್ಟ ಟ್ಯೂಬ್ ಹಾಕಿದೆ. ಈ ಸಲ ಮುದುಕಿಗೆ ಹೇಳಿಕಳಿಸಲಿಲ್ಲ. ಆದರೂ ಬಂದಳು! ಹೇಗೆ ಗೊತ್ತಾಯಿತು ಎಂದರೆ, ಪಶುವೈದ್ಯರ ಬೈಕು ಮೇಲಿನಿಂದ ಕಾಣಿಸಿತಂತೆ. ಅಲ್ಲಿ ಕೂತು ನಮ್ಮ ಅಂಗಳವನ್ನೇ ಕಾಯುತ್ತಿರುತ್ತಾಳೆ ಎಂದಾಯಿತು.

ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತೆ. "ಶಾಖ ನಾನೇ ಕೊಟ್ಟೆ. ನೀನು ಹೋಗು."

"ಹಾಲು ಚೆಲ್ತಿದ್ದೀಯ ತಾನೆ? ಕೆಂದಿ ಹಾಲು?"

ಮತ್ತೆ ಅದೇ. ಒಂಬತ್ತು ಮನೆಯ ಹಸುಗಳಲ್ಲಿ ನನ್ನ ಕೆಂದಿಯ ಹಾಲಿನ ಮೇಲೆಯೇ ಯಾಕೆ ಕಣ್ಣು? ಹೋಗುವಾಗ ಡೈರಿಯ ಮುಂದೆ ನಿಂತು ಹಂಡೆಯ ಮುಚ್ಚಳ ಎತ್ತಿ ಬಗ್ಗಿ ನೋಡಿದಳು. ನಾನೇ ಕಣ್ಣಾರೆ ಕಂಡೆ.

ಅಕ್ಟೋಬರ್ 11, ಬುಧವಾರ

ಬಿಳಿ ನೀರು. ಕಮ್ಮಾರ ಹೇಳಿದ್ದು ಇದೇ ಮಾತು, ಬಿಳಿ ನೀರು.

ಅಕ್ಟೋಬರ್ 13, ಶುಕ್ರವಾರ

ಎಲ್ಲರೂ ಸೇರಿದ್ದೆವು. ಅವಳನ್ನೂ ಕರೆಸಿದ್ದರು. ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು, ಮಡಿಲಲ್ಲಿ ಅರ್ಧ ಹೊಸೆದ ಹಗ್ಗ. ಇಂಥ ಹೊತ್ತಿನಲ್ಲೂ ಹೊಸೆಯುವುದನ್ನು ಬಿಡಲಿಲ್ಲ, ಅಷ್ಟು ಗಟ್ಟಿ ಎದೆ.

ಅಧ್ಯಕ್ಷರು ನನ್ನನ್ನು ಕೇಳಿದರು. "ನೋಡಮ್ಮ, ಅವರು ನಿನ್ನ ಸಾಕಿದವರು. ನೀನು ಇಲ್ಲ ಅಂದ್ರೆ ನಾವೂ ಇಲ್ಲ ಅಂತೀವಿ. ಹೌದು ಅಂದ್ರೆ ಹೌದು. ಏನಾದ್ರೂ ಕಂಡಿದ್ದೀಯಾ?"

ಕಂಡಿದ್ದನ್ನು ಹೇಳಿದೆ. ಗೂಟಕ್ಕೆ ನೇತುಹಾಕಿದ ಹಗ್ಗ, ಬಕೆಟ್ಟು, ಮುಚ್ಚಳ ಎತ್ತಿ ನೋಡಿದ್ದು. ಒಂದಕ್ಷರ ಸುಳ್ಳು ಸೇರಿಸಲಿಲ್ಲ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ನುಣುಪು ಕೊಡ್ತಿದ್ದೆ ಕಣೇ," ಎಂದಳು, ಅಷ್ಟೇ. ಬೇರೆಯವರ ಕಡೆ ತಿರುಗಿ ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವರು ಹಾಗೆ ಸುಮ್ಮನಿರುತ್ತಾರೆಯೇ?

ಆಮೇಲೆ ಮನೆಮನೆಯಿಂದ ಹಗ್ಗ ತಂದರು. ಕಮ್ಮಾರ ಒಂದೊಂದನ್ನೂ ಕತ್ತರಿಸಿದ, ಡೈರಿಯ ಮುಂದೆಯೇ ರಾಶಿ ಹಾಕಿ ಸುಟ್ಟರು. ಕೂದಲು ಸುಟ್ಟ ವಾಸನೆ ಇನ್ನೂ ನನ್ನ ಸೀರೆಯಲ್ಲಿದೆ. ಕೆಂದಿಯ ಹಗ್ಗವನ್ನು ನಾನೇ ಕತ್ತರಿಸಿದೆ. ರಕ್ತವೇನೂ ಬರಲಿಲ್ಲ. ಬರುತ್ತದೆ ಎಂದು ಒಂದು ಕ್ಷಣ ಕೈ ಹಿಂದೆಗೆದದ್ದು ಮಾತ್ರ ನಿಜ.

ಅಕ್ಟೋಬರ್ 15, ಭಾನುವಾರ

ನಮ್ಮ ಯಜಮಾನರು ಕೆಳಗೆ ಕಟ್ಟಡದ ಕೆಲಸದಿಂದ ನಿನ್ನೆ ಬಂದರು. ಗಾರೆ ಕೈಯನ್ನೂ ತೊಳೆಯದೆ ಜಗಳ. "ಹೊಟ್ಟೆಗೆ ಏನ್ ತಿಂತೀಯ ನೀನು? ನಿನ್ನ ತಲೆ ಬಾಚಿದ ಕೈ ಅದು." ಅವರಿಗೇನು ಗೊತ್ತು. ವಾರಕ್ಕೊಂದು ದಿನ ಬರುವವರಿಗೆ ನ್ಯಾಯ ಹೇಳುವುದು ಸುಲಭ.

ಬೆಳಿಗ್ಗೆ ಅವರು ಮೇಲೆ ಹೋಗಿ ನೋಡಿದರೆ ಮನೆಗೆ ಬೀಗ. ನಸುಕಿನಲ್ಲೇ ಎರಡು ಮೇಕೆ ಹೊಡೆದುಕೊಂಡು ಪೇಟೆಗೆ ಇಳಿದಳಂತೆ. ನಮ್ಮ ಹೊಸ್ತಿಲ ಮೇಲೆ ಹೆಪ್ಪಿನ ಮಡಕೆ ಇಟ್ಟು ಹೋಗಿದ್ದಳು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ. ಹೋಗುವವಳು ಇದನ್ನೇ ಯಾಕೆ ಬಿಟ್ಟಳು? ನಮ್ಮ ಹೊಸ್ತಿಲೇ ಯಾಕೆ? ಇವರು ಸ್ನಾನಕ್ಕೆ ಹೋದಾಗ ಹಿತ್ತಲಿನ ಬೂದಿಗುಂಡಿಗೆ ಸುರಿದು ಮೇಲೆ ಬೂದಿ ಎಳೆದೆ. ಡೈರಿಯಲ್ಲಿ ಉಳಿದಿದ್ದ ಹೆಪ್ಪನ್ನೂ ಚೆಲ್ಲಿದೆ. ಮಡಕೆ ಒಡೆದೆ. ವ್ಯಾನಿನವನಿಗೆ ಪೇಟೆಯ ಹೆಪ್ಪು ತರಲು ಹೇಳಿದ್ದೇನೆ.

ಅಕ್ಟೋಬರ್ 18, ಬುಧವಾರ

ಆಯಿತು! ಪೇಟೆಯ ಹೆಪ್ಪಿಗೆ ಹುಳಿ ಸ್ವಲ್ಪ ಜಾಸ್ತಿ, ಆದರೆ ಕಲ್ಲಿನಂಥ ಮೊಸರು. ಎಲ್ಲರೂ ಬಂದು ಬಂದು ನೋಡಿದರು. ಅಧ್ಯಕ್ಷರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಿನ್ನ ಕೈಗುಣ ಎಲ್ಲೂ ಹೋಗಿರ್ಲಿಲ್ಲ ನೋಡು," ಎಂದಳು. ಇದಕ್ಕಿಂತ ಪುರಾವೆ ಬೇಕೇ? ಇವರು ಬರಲಿ, ತೋರಿಸುತ್ತೇನೆ.

ಅಕ್ಟೋಬರ್ 27, ಶುಕ್ರವಾರ

ಪ್ಲಾಸ್ಟಿಕ್ ಹಗ್ಗಕ್ಕೆ ಕೆಂದಿಯ ಕುತ್ತಿಗೆ ತರಚಿ ಗಾಯವಾಗಿದೆ. ಎಲ್ಲ ಮನೆಯಲ್ಲೂ ಇದೇ ಗೋಳು. ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ನವೆಂಬರ್ 7, ಮಂಗಳವಾರ

ಮೊಸರಾಗಲಿಲ್ಲ.

ಅವಳು ಇಲ್ಲ. ಅವಳ ಹಗ್ಗ ಇಲ್ಲ, ಹೆಪ್ಪು ಇಲ್ಲ. ಎರಡು ಸಲ ಮುಚ್ಚಳ ತೆಗೆದು ನೋಡಿದೆ.

ನವೆಂಬರ್ 8, ಬುಧವಾರ

ಇವತ್ತೂ ಇಲ್ಲ. ಜಗಲಿಯಲ್ಲಿ ಕಮ್ಮಾರ ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. "ಹಗ್ಗದವಳು ಹೋದ್ಲು, ಸರಿ. ಅವಳ ಕೈಲಿ ಬೆಳೆದವಳು ಇಲ್ಲೇ ಇದ್ದಾಳಲ್ಲ. ವಿದ್ಯೆ ಯಾರಿಗಾದ್ರೂ ಕೊಟ್ಟೇ ಹೋಗಿರ್ತಾಳೆ." ಯಾರೂ ನಗಲಿಲ್ಲ. ಅಧ್ಯಕ್ಷರ ಹೆಂಡತಿ ತನ್ನ ಕ್ಯಾನನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿದಳು.

ನನ್ನ ಪರವಾಗಿ ಸಾಕ್ಷಿ ಹೇಳುವುದು ಈ ಪುಸ್ತಕ ಒಂದೇ. ಯಾವ ದಿನ ಯಾರು ಬಂದರು, ಏನು ಮುಟ್ಟಿದರು ಎಲ್ಲ ಬರೆದಿದ್ದೇನೆ, ಓದಿ ಹೇಳಿ ಬಾಯಿಮುಚ್ಚಿಸೋಣ ಎಂದು ಮೊದಲಿನಿಂದ ಓದಿದೆ.

ಸೆಪ್ಟೆಂಬರ್ 4, ಟ್ಯೂಬ್. ಸೆಪ್ಟೆಂಬರ್ 21, ಟ್ಯೂಬ್. ಅಕ್ಟೋಬರ್ 10, ಟ್ಯೂಬ್. ನಿನ್ನೆ ಮೊನ್ನೆಯದನ್ನು ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಸೋಮವಾರ ಕೆಂದಿಗೆ ಮತ್ತೆ ಬಾವು, ಒಂದು ಟ್ಯೂಬ್ ಹಾಕಿದೆ. ನಿನ್ನೆ ಒಂದು. ಇವತ್ತು ಒಂದು.

ಅತ್ತೆ ಬಂದಿದ್ದು ಕೆಂದಿಗೆ ಹುಷಾರಿಲ್ಲದಾಗ. ಮೊದಲೆರಡು ಸಲ ಕರೆಸಿದವಳು ನಾನೇ. ಎಲ್ಲ ನನ್ನ ಅಕ್ಷರದಲ್ಲೇ ಇದೆ.

ನವೆಂಬರ್ 9, ಗುರುವಾರ

ಪಶುವೈದ್ಯರ ಬಳಿ ನಡೆದುಕೊಂಡೇ ಹೋದೆ. "ಕೆಟ್ಟ ತೊಟ್ಟಿನ ಹಾಲು ಬಿಟ್ಟು ಮಿಕ್ಕಿದ್ದು ಹಾಕಿದ್ರೆ ಏನಾಗತ್ತೆ?" ಎಂದು ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ.

"ಔಷಧಿ ರಕ್ತಕ್ಕೆ ಸೇರತ್ತಮ್ಮ, ಅಲ್ಲಿಂದ ನಾಲ್ಕೂ ತೊಟ್ಟಿಗೆ ಬರತ್ತೆ. ಬಾವು ಮಾಡೋ ಹುಳ ಕೊಲ್ಲೋ ಔಷಧಿ, ಹೆಪ್ಪನ್ನ ಬಿಡತ್ತಾ? ಅದಕ್ಕೇ ತಾನೆ ಡೈರಿಗೆ ಹಾಕ್ಬೇಡಿ ಅಂದಿದ್ದು?" ಆಮೇಲೆ ನನ್ನ ಮುಖ ನೋಡಿ, "ಹಾಕಿದ್ರಾ?" ಎಂದರು.

ವಾಪಸು ಬರುವ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ನಾಲ್ಕರದ್ದೂ ಚೆಲ್ಲು ಎಂದಿದ್ದಳು ಅತ್ತೆ, ಮೂಸಿ ನೋಡಿ, ಒಂದು ಪುಸ್ತಕವನ್ನೂ ಓದದವಳು.

ನವೆಂಬರ್ 11, ಶನಿವಾರ

ನಿನ್ನೆ ಎಲ್ಲರ ಎದುರಿಗೇ ಎರಡು ಪಾತ್ರೆ ಇಟ್ಟೆ. ಒಂದರಲ್ಲಿ ಎಂಟು ಮನೆಯ ಹಾಲು. ಇನ್ನೊಂದರಲ್ಲಿ ಅದೇ ಹಾಲಿಗೆ ಕೆಂದಿಯದನ್ನೂ ಬೆರೆಸಿದ್ದು. ಒಂದೇ ಹೆಪ್ಪು, ಒಂದೇ ಕಂಬಳಿ. ಈ ಸಲ ಥರ್ಮಾಮೀಟರನ್ನೂ ಅದ್ದಿದೆ. ಮುಚ್ಚಳಕ್ಕೆ ದಾರ ಕಟ್ಟಿ, ಡೈರಿಯ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಕಮ್ಮಾರನಿಗೇ ಕೊಟ್ಟೆ.

ಸಂಜೆ ತೆಗೆದಾಗ ಒಂದು ಮೊಸರು, ಒಂದು ಹಾಲು. ಆಗ ಎಲ್ಲ ಹೇಳಿದೆ. ಟ್ಯೂಬು, ಮೂರು ತೊಟ್ಟು, ವೈದ್ಯರ ಮಾತು, ಅತ್ತೆಯ ಮಾತು.

ಕಮ್ಮಾರ ಬೀಗದ ಕೈಯನ್ನು ತಿರುಗಿಸುತ್ತಾ, "ನಾನು ಕಥೆ ಹೇಳಿದ್ದು. ಕಂಡೆ ಅಂದಿದ್ದು ನೀನು," ಎಂದ. ಅಧ್ಯಕ್ಷರು ಕೆಮ್ಮಿ, ಆಗಿದ್ದು ಆಗಿಹೋಯಿತು, ಇದನ್ನು ಇಲ್ಲಿಗೇ ಬಿಟ್ಟುಬಿಡೋಣ, ಪೇಟೆಯವರ ಕಿವಿಗೆ ಬಿದ್ದರೆ ಮೊಸರು ಯಾರೂ ಕೊಳ್ಳುವುದಿಲ್ಲ ಎಂದರು. ಎಲ್ಲರೂ ಹೌದು ಹೌದು ಎಂದು ಎದ್ದುಹೋದರು. ಅತ್ತೆಯನ್ನು ಕರೆತರೋಣ ಎಂದು ಒಬ್ಬರೂ ಹೇಳಲಿಲ್ಲ.

ನವೆಂಬರ್ 12, ಭಾನುವಾರ

ಇವರ ಜೊತೆ ಪೇಟೆಗೆ ಇಳಿದೆ. ಬಸ್ ನಿಲ್ದಾಣದ ಹಿಂದೆ ಗೋಣಿಚೀಲದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿದ್ದಾಳೆ. ಹರಿದ ಚೀಲ ಹೊಲಿಯುವ ಕೆಲಸ. ಕಿಟಕಿಯಿಲ್ಲ. ಮೇಕೆಗಳನ್ನು ಮಾರಿದಳಂತೆ. ಇವರು ಹೊರಗೇ ನಿಂತರು.

ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವಳು ಕೇಳಿದ್ದು, "ಕೆಂದಿ ಹೇಗಿದ್ದಾಳೆ?"

ಅಲ್ಲೇ ಕುಸಿದು ಕೂತು ಎಲ್ಲ ಹೇಳಿದೆ. ಚೀಲ ಹೊಲಿಯುತ್ತಲೇ ಕೇಳಿಸಿಕೊಂಡಳು. ಮನೆಗೆ ಬಾ ಎಂದೆ, ನಮ್ಮ ಮನೆಗೇ ಬಾ ಎಂದೆ. ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕೈಗೆ ಕೊಟ್ಟಳು. ಪೋಣಿಸಿಕೊಟ್ಟೆ.

"ಬರಲ್ಲ ಗುಬ್ಬಿ. ಅಲ್ಲಿ ಯಾವ ಹಸು ಕೆಮ್ಮಿದ್ರೂ ಎಲ್ರೂ ನನ್ನ ಕಡೆ ನೋಡ್ತಾರೆ. ನೀನೂ ನೋಡ್ತೀಯ."

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಇವರು ಬಂದು ಬಸ್ಸಿಗೆ ಹೊತ್ತಾಯಿತು ಎಂದರು.

ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ ಕರೆದಳು. "ಇಲ್ಲಿ ಅಂಗಡಿ ಮೊಸರು ಗಂಟಲಲ್ಲಿ ಇಳಿಯಲ್ಲ ಕಣೇ. ಬರೋವಾಗ ಮೇಕೆ ಜೊತೆ ಅದನ್ನೂ ಹೊತ್ಕೊಂಡು ಬರಕ್ಕಾಗ್ಲಿಲ್ಲ. ಆ ಹೆಪ್ಪು ಇಟ್ಕೊಂಡಿದ್ದೀಯ ತಾನೆ?"

ಇವರು ನನ್ನ ಮುಖ ನೋಡಿದರು.

ಇದೆ ಎಂದೆ.

"ಮುಂದಿನ ಸಲ ಬರೋವಾಗ ಒಂದು ಚಮಚ ತಂದ್ಕೊಡು," ಎಂದಳು.